ಕುಂಬಳೆ ಸ್ಟೇಷನ್ನಿನ ಆ ಅಕ್ಕನಿಗೆ

ಅಕ್ಕಾ, ನಿಮ್ಮ ಹೆಸರು ಕೇಳಲಿಲ್ಲ. ಕಳೆದ ಮಳೆಗಾಲದಲ್ಲಿ ಕುಂಬಳೆ ರೈಲ್ವೆ ಸ್ಟೇಷನ್ನಿನಲ್ಲಿ ನನ್ನ ಮೂರು ವರ್ಷದ ಮಗನ ಜೊತೆ ಹುಣಸೆ ಬೀಜ ಎಣಿಸುತ್ತಾ ಕೂತವರು ನೀವು.

"ಒಂದು, ರಡ್ಡ್, ಮೂನ್ನ್" ಅಂದ ಅವನು. ಕನ್ನಡ, ತುಳು, ಮಲಯಾಳಂ ಒಂದೇ ಉಸಿರಲ್ಲಿ! ನನಗೆ ಅಳುವೇ ಬಂತು. ಮಾತು ಶುರುವಾದದ್ದೇ ತಡವಾಗಿ, ಈಗ ಹೀಗೆ. ಒಂದೇ ಭಾಷೆ ಆಡಿಸಿ ಅಂತ ನೆಂಟರೆಲ್ಲ ಹೇಳುತ್ತಿದ್ದರು.

"ಎಣಿಕೆ ತಪ್ಪಲಿಲ್ಲ ಅಲ್ವಾ?" ಅಂದಿರಿ ನೀವು. ಕಾಸರಗೋಡಿನ ಮಕ್ಕಳು ಭಾಷೆ ಬೆರೆಸುವುದು ಸಹಜ, ಅವನ ಪದಗಳನ್ನು ಮೂರೂ ಭಾಷೆ ಸೇರಿಸಿ ಎಣಿಸಿ ಅಂದಿರಿ. ಕರೆದರೆ ತಿರುಗುತ್ತಾನಾ ಅಂತ ಕೇಳಿ, ಒಮ್ಮೆ ಕಿವಿ ಪರೀಕ್ಷೆ ಮಾಡಿಸಿ ಅಂತಲೂ ಹೇಳಿದಿರಿ. ಮಾಡಿಸಿದೆವು. ಕಿವಿ ಚೆನ್ನಾಗಿದೆ.

ತಿದ್ದುವುದನ್ನು ಬಿಟ್ಟೆ. "ವೆಳ್ಳಂ ಬೇಕು" ಅಂದರೆ "ನೀರು ಬೇಕಾ ಮಗಾ, ತಣ್ಣಗಿನ ನೀರು ಕೊಡ್ಲಾ?" ಅನ್ನುತ್ತೇನೆ, ಅಷ್ಟೇ. ಕೆಲಸ ಮಾಡುವಾಗಲೂ ಅವನ ಜೊತೆ ಮಾತಾಡುತ್ತೇನೆ. ಹೆಸರುಕಾಳು ಬೇರೆ, ಕಡಲೆ ಬೇರೆ ಮಾಡಿ ಕೊಡುತ್ತಾನೆ. ಅಂಗಿಯ ಗುಂಡಿ ತಾನೇ ಹಾಕುತ್ತಾನೆ, ಎಷ್ಟು ಹೊತ್ತಾದರೂ ಕಾಯುತ್ತೇನೆ.

ಈಗ ಅಜ್ಜಿ ಹತ್ತಿರ ಕನ್ನಡ, ಪಕ್ಕದ ಮನೆಯವರ ಹತ್ತಿರ ಮಲಯಾಳಂ. ಯಾರೂ ಹೇಳಿಕೊಟ್ಟದ್ದಲ್ಲ.

ರೈಲು ಬಂತು, ನೀವು ಹೊರಟಿರಿ. ಥ್ಯಾಂಕ್ಸ್ ಅನ್ನುವುದಕ್ಕೂ ಆಗಲಿಲ್ಲ. ಇವತ್ತು ಹೇಳುತ್ತಿದ್ದೇನೆ ಅಕ್ಕಾ, ತುಂಬಾ ಥ್ಯಾಂಕ್ಸ್. ನೀವು ಕೊಟ್ಟ ಬೀಜಗಳು ಅವನ ಡಬ್ಬಿಯಲ್ಲಿ ಇನ್ನೂ ಇವೆ.