ಇನ್ನೂ ಸ್ವಿಚ್ ಒತ್ತಬೇಡ

ಚಿ. ಪುಟ್ಟಿಗೆ, ದೊಡ್ಡಮ್ಮನ ಆಶೀರ್ವಾದಗಳು.

ಮನೆಯ ಸುದ್ದಿಯೆಲ್ಲ ನಿನ್ನ ಅಮ್ಮ ಫೋನಿನಲ್ಲಿ ಹೇಳಿರುತ್ತಾಳೆ, ಅದನ್ನು ಬಿಟ್ಟೆ. ನಿನ್ನ ಕಾಗದದ ಕೊನೆಯಲ್ಲಿ ಒಂದು ಸಾಲು ಇದೆಯಲ್ಲ, ‘ಕಂಪ್ಯೂಟರಿನೊಳಗೆ ಇಲಿ ಉಚ್ಚೆ ಹೊಯ್ದದ್ದು ಈಗ ಒಣಗಿದೆ, ಒಂದು ಸಲ ಆನ್ ಮಾಡಿ ನೋಡಲಾ?’ ಅಂತ. ಅದನ್ನು ಓದಿದಾಗಿನಿಂದ ನನಗೆ ಸಮಾಧಾನವಿಲ್ಲ. ಬೇಡ ಕಣೇ. ಮುಂದೆ ಓದುವ ಮೊದಲು ಹೋಗಿ ಪ್ಲಗ್ ಕಿತ್ತು ಬಾ. ಕಂಪ್ಯೂಟರ್ ಆಫ್ ಆಗಿದೆ ಅಂದರೆ ಸಾಲದು, ಕರೆಂಟಿನ ಸಂಪರ್ಕ ಇರುವವರೆಗೂ ಒಳಗಿನ ಮುಖ್ಯ ಬೋರ್ಡಿಗೆ, ಅಂದರೆ ಮದರ್‌ಬೋರ್ಡಿಗೆ, 5 ವೋಲ್ಟ್ ಬರುತ್ತಲೇ ಇರುತ್ತದೆ. ಕಿತ್ತ ಮೇಲೆ ಪವರ್ ಬಟನ್ನನ್ನು 20 ಸೆಕೆಂಡು ಒತ್ತಿ ಹಿಡಿ, ಉಳಿದದ್ದು ಇಳಿದುಹೋಗಲಿ. ಬೋರ್ಡಿನ ಮೇಲೆ ನಾಣ್ಯದಂಥ ಬ್ಯಾಟರಿ ಇರುತ್ತದೆ, ಸಿಆರ್2032, ಅದನ್ನೂ ತೆಗೆ. ಬರೀ 3 ವೋಲ್ಟ್, ಆದರೆ ತೇವ ಇದ್ದಲ್ಲಿ ತಾಮ್ರ ಕೊರೆಯಲು ಅಷ್ಟು ಸಾಕು.

ಒಣಗಿದೆ ಅಂತೀಯಲ್ಲ, ಒಣಗಿದ್ದು ನೀರು ಮಾತ್ರ. ಉಪ್ಪು, ಯೂರಿಯಾ ಎಲ್ಲ ಅಲ್ಲೇ ಕೂತಿವೆ. ಗಾಳಿಯ ತೇವ ಹೀರಿ ಆ ಕಲೆ ಮತ್ತೆ ಮತ್ತೆ ಹಸಿಯಾಗುತ್ತದೆ, ಹಸಿಯಾದಾಗಲೆಲ್ಲ ಕರೆಂಟಿಗೆ ದಾರಿ ಕೊಡುತ್ತದೆ. ಬೋರ್ಡಿಗೆ ಕರೆಂಟ್ ತರುವ 24 ಪಿನ್ನಿನ ದೊಡ್ಡ ಕನೆಕ್ಟರನ್ನೇ ನೋಡು. 12 ವೋಲ್ಟಿನ ಹಳದಿ ತಂತಿಗಳೆರಡರ ಒಂದು ಮಗ್ಗುಲಲ್ಲಿ 3.3 ವೋಲ್ಟಿನ ಕಿತ್ತಳೆ ತಂತಿ, ಇನ್ನೊಂದು ಮಗ್ಗುಲಲ್ಲಿ 5 ವೋಲ್ಟಿನ ನೇರಳೆ ತಂತಿ. ನಡುವೆ ಕೂದಲೆಳೆಯಷ್ಟು ಕಲೆ ಇದ್ದರೂ ನನಗೆ ಹೆದರಿಕೆ.

ನಾನೂ ಹೀಗೆ ಒತ್ತಿದವಳೇ. ಫ್ಯಾನ್ ತಿರುಗಿತು, ಖುಷಿಯಾಯಿತು, ಆಮೇಲೆ ಸುಟ್ಟ ವಾಸನೆ. ಬೋರ್ಡ್ ಹೋದರೆ ಇನ್ನೊಂದು ಬರುತ್ತದೆ. ಕಡತಗಳೆಲ್ಲ ಇರುವ ಹಾರ್ಡ್ ಡಿಸ್ಕ್ ಬಿಚ್ಚಿಡದೆ ಒತ್ತಿದೆನಲ್ಲ, ಅದೊಂದು ಇವತ್ತಿಗೂ ಚುಚ್ಚುತ್ತದೆ. ನಿನ್ನ ಫೋಟೊಗಳಿಗೂ ಬೇರೆ ಕಾಪಿ ಇಲ್ಲ ಅಂತ ಬರೆದಿದ್ದೀಯ, ಅದಕ್ಕೇ ಇಷ್ಟು ಗೋಗರೆಯುವುದು. ಮೊದಲು ಡಿಸ್ಕ್ ಹೊರಗೆ ತೆಗೆದು ಬೇರೆ ಇಡು.

ಮುಟ್ಟುವಾಗ ಗ್ಲೌಸ್, ಮಾಸ್ಕ್ ಇರಲಿ, ಇಲಿಜ್ವರ ಬರುವುದು ಈ ಉಚ್ಚೆಯಿಂದಲೇ. ಒಣ ಹಿಕ್ಕೆಯನ್ನು ಗುಡಿಸಬೇಡ, ಊದಬೇಡ, ಧೂಳಾಗಿ ಮೂಗಿಗೆ ಹೋಗುತ್ತದೆ. ಮೇಜಿಗೆ, ನೆಲಕ್ಕೆ 1 ಪಾಲು ಬ್ಲೀಚಿಗೆ 9 ಪಾಲು ನೀರು ಬೆರೆಸಿ ಚಿಮುಕಿಸಿ, 5 ನಿಮಿಷ ಬಿಟ್ಟು ಒರೆಸು. ಬೋರ್ಡಿಗೆ ಮಾತ್ರ ಬ್ಲೀಚ್ ಸೋಕಬಾರದು, ಲೋಹ ತಿನ್ನುತ್ತದೆ. ಪೆಟ್ಟಿಗೆಯೊಳಗಿನ ಹಿಕ್ಕೆಯನ್ನು ಸ್ಪಿರಿಟ್ಟಿನಿಂದ ನೆನೆಸಿ ಟಿಶ್ಯೂನಲ್ಲಿ ಎತ್ತಿಬಿಡು. ಹತ್ತಿರ ಬೆಂಕಿ ಇರಬಾರದು ಅಂತ ನಿನಗೆ ಬೇರೆ ಹೇಳಬೇಕೆ, ಆದರೂ ಹೇಳಿದೆ.

ಸ್ಪಿರಿಟ್ಟಿನಲ್ಲೇ ಎಲ್ಲ ಒರೆಸಿದರಾಗದೇ ಅಂತ ಕೇಳುತ್ತೀ. ಆಗದು. ಉಪ್ಪು ಸ್ಪಿರಿಟ್ಟಿನಲ್ಲಿ ಸರಿಯಾಗಿ ಕರಗುವುದಿಲ್ಲ, ಅದಕ್ಕೆ ನೀರೇ ಬೇಕು, ಅದೂ ಡಿಸ್ಟಿಲ್ಡ್ ವಾಟರ್. ನಲ್ಲಿ ನೀರು ತನ್ನ ಉಪ್ಪನ್ನೂ ಸೇರಿಸಿ ಕೊಡುತ್ತದೆ. ರ‍್ಯಾಮ್ (ಮೆಮೊರಿ ಪಟ್ಟಿ), ಕಾರ್ಡ್, ಕೇಬಲ್ ಬಿಚ್ಚುವ ಮುಂಚೆ ಫೋಟೊ ತೆಗೆದುಕೋ. ಪ್ರೊಸೆಸರ್ ಕೂರುವ ಸಾಕೆಟ್ಟಿನ ಹತ್ತಿರ ಕಲೆ ಇಲ್ಲದಿದ್ದರೆ ಅದರ ತಂಟೆಗೆ ಹೋಗಬೇಡ. ಕಲೆ ಇರುವಲ್ಲಿ ಮೆತ್ತನೆಯ ಟೂತ್‌ಬ್ರಷ್ಷನ್ನು ನೀರಿನಲ್ಲಿ ಅದ್ದಿ, ಚಿಪ್‌ಗಳ (ಬೋರ್ಡಿನ ಮೇಲಿನ ಕಪ್ಪು ಬಿಲ್ಲೆಗಳ) ಲೋಹದ ಕಾಲುಗಳ ಉದ್ದಕ್ಕೆ ಉಜ್ಜು. ಅಡ್ಡ ಉಜ್ಜಿದರೆ ಕೊಳೆ ಕಾಲುಗಳ ಸಂದಿಗೆ ಸೇರುತ್ತದೆ. ಆಮೇಲೆ 99 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ತೊಳೆದರೆ ಸಂದಿಯ ನೀರನ್ನು ಅದು ಎಳೆದುಕೊಂಡು ಹೊರಡುತ್ತದೆ. ಬೋರ್ಡನ್ನು ಗೋಡೆಗೆ ಒರಗಿಸಿ ಫ್ಯಾನ್ ಗಾಳಿಗೆ 48 ಗಂಟೆ ಬಿಡು. ಹೇರ್ ಡ್ರೈಯರ್ ಬೇಡ.

ಒಣಗಿದ ಮೇಲೆ ಭೂತಗನ್ನಡಿ ಹಿಡಿದು ನೋಡು. ಎಂಟು ಕಾಲಿನ ಸಣ್ಣ ಚಿಪ್ಪಿನ ಬುಡದಲ್ಲಿ ಹಸಿರು ಪುಡಿ ಕಂಡಿತೋ, ಅದು ತಾಮ್ರ ಕೊಳೆತದ್ದು. ಸೂಜಿಯಿಂದ ಮೆಲ್ಲಗೆ ಒತ್ತಿದಾಗ ಕಾಲು ಅಲುಗಿದರೆ ಅಥವಾ ಬೋರ್ಡಿನ ತಾಮ್ರದ ಗೆರೆ ತುಂಡಾಗಿದ್ದರೆ ಬೆಸುಗೆ ಹಾಕುವವರ ಕೈಗೇ ಕೊಡಬೇಕು.

ಆಗಲೂ ಸ್ವಿಚ್ ಒತ್ತಬೇಡ! ಕರೆಂಟ್ ಅಳೆಯುವ ಮಲ್ಟಿಮೀಟರನ್ನು ಬೀಪ್ ಕಡೆಗೆ ತಿರುಗಿಸಿ, ಬೋರ್ಡಿನ 24 ಪಿನ್ನಿನಲ್ಲಿ ಹಳದಿ ತಂತಿ ಕೂರುವ ಪಿನ್ನಿಗೂ ಕಪ್ಪು ತಂತಿಯದಕ್ಕೂ ಮುಟ್ಟಿಸು. ಬೀಪ್ ನಿಲ್ಲದೆ ಕೂಗಿದರೆ ಶಾರ್ಟ್ ಇದೆ, ಅಲ್ಲಿಗೇ ನಿಲ್ಲಿಸು. ಕೂಗದಿದ್ದರೆ ಕಂಪ್ಯೂಟರಿಗೆ ಕರೆಂಟ್ ಹಂಚುವ ಬೇರೆ ಒಳ್ಳೆಯ ಎಸ್‌ಎಂಪಿಎಸ್, ಒಂದೇ ರ‍್ಯಾಮ್, ಡಿಸ್ಕ್ ಇಲ್ಲದೆ, ಆಗ ಒತ್ತು. ಇಲಿ ಹೊಕ್ಕ ಹಳೇ ಎಸ್‌ಎಂಪಿಎಸ್ ಅನ್ನು ಎಸೆ. ತೆರೆದು ತೊಳೆಯುವ ಆಸೆಯೂ ಬೇಡ, ಪ್ಲಗ್ ಕಿತ್ತರೂ ಒಳಗಿನ ಕೆಪಾಸಿಟರಿನಲ್ಲಿ 300 ವೋಲ್ಟಿಗಿಂತ ಹೆಚ್ಚು ಕೂತಿರಬಹುದು. ಕಡಿದ ಪವರ್ ಕೇಬಲ್ಲಿಗೆ ಟೇಪ್ ಸುತ್ತಬೇಡ, ಅದೂ ಕಸಕ್ಕೆ.

ಡಿಸ್ಕನ್ನು ನೀರಿಗೆ ಅದ್ದಬೇಡ, ಮೇಲೆ ಉಸಿರಾಡುವ ಒಂದು ಪುಟ್ಟ ತೂತಿದೆ. ಕೆಳಗಿನ ಹಸಿರು ಬೋರ್ಡಿನ ಸ್ಕ್ರೂಗಳಿಗೆ ಸಾಮಾನ್ಯವಾಗಿ ಟಿ6 ಅನ್ನುವ ನಕ್ಷತ್ರದಾಕಾರದ ಸ್ಕ್ರೂಡ್ರೈವರ್ ಬಿಟ್ ಆಗುತ್ತದೆ. ಬೋರ್ಡ್ ಎತ್ತಿ, ಕಪ್ಪಾದ ಸಂಪರ್ಕಗಳನ್ನು ಪೆನ್ಸಿಲ್ ರಬ್ಬರಿನಿಂದ ಹಗುರಾಗಿ ಉಜ್ಜಿ, ಸ್ಪಿರಿಟ್ಟಿನಿಂದ ಒರೆಸು. ಇದನ್ನು ಬರೆಯಬಾರದಿತ್ತೇನೋ, ಕೈ ನಡುಗುತ್ತದೆ ಅನ್ನಿಸಿದರೆ ಬಿಟ್ಟುಬಿಡು. ಆ ಹಸಿರು ಬೋರ್ಡ್ ಸುಟ್ಟಿದ್ದರೆ ಅದೇ ಮಾಡೆಲ್ಲಿನ ಇನ್ನೊಂದು ಬೋರ್ಡ್ ಕೂರಿಸಿದರೂ ಸಾಮಾನ್ಯವಾಗಿ ಓದುವುದಿಲ್ಲ, ಆ ಡಿಸ್ಕಿಗೇ ಹೊಂದಿಸಿದ ಅಂಕಿಗಳು ಹಳೆಯದರ ಚಿಪ್ಪಿನಲ್ಲಿರುತ್ತವೆ. ಓದಲು ಆರೋಗ್ಯವಾಗಿರುವ ಬೇರೆ ಕಂಪ್ಯೂಟರಿಗೇ ಹಾಕು. ಫೋಟೊ ತೆರೆದು ನೋಡುತ್ತಾ ಕೂರಬೇಡ, ಡಿಸ್ಕ್ ಪರೀಕ್ಷಿಸಿ ತಿದ್ದುವ ಚೆಕ್‌ಡಿಸ್ಕ್ ಓಡಿಸಬೇಡ. ಲಿನಕ್ಸಿನಲ್ಲಿ ಡಿಡಿರೆಸ್ಕ್ಯೂ ಅನ್ನುವ ನಕಲು ತೆಗೆಯುವ ಪ್ರೋಗ್ರಾಮಿನಿಂದ ಇಡೀ ಡಿಸ್ಕನ್ನು ಅಷ್ಟೇ ಅಥವಾ ಹೆಚ್ಚು ದೊಡ್ಡದಾದ ಇನ್ನೊಂದಕ್ಕೆ ನಕಲಿಸು. ಯಾವುದರಿಂದ ಯಾವುದಕ್ಕೆ ಅಂತ ಎರಡು ಸಲ ಓದು, ಅದಲುಬದಲಾದರೆ ಫೋಟೊ ಅಳಿಸಿಹೋಗುತ್ತದೆ. ಟಕ್ ಟಕ್ ಸದ್ದು ಬಂದರೆ ತಕ್ಷಣ ತೆಗೆದು ಡೇಟಾ ರಿಕವರಿಯವರಿಗೆ ಕೊಡು.

ಪೆಟ್ಟಿಗೆ ಹಿಂದಿನ ಖಾಲಿ ಸ್ಲಾಟುಗಳಿಗೆ ತಗಡಿನ ಪಟ್ಟಿ ಹಾಕಿಸು, ಸುಂಡಿಲಿಗೆ 6 ಮಿಲಿಮೀಟರ್ ಸಂದು ಸಾಕು. ಜಿರಳೆ ಸ್ಪ್ರೇಯನ್ನು ಒಳಗೆ ಹೊಡೆಯಬೇಡ, ಜಿಡ್ಡು ಉಳಿಯುತ್ತದೆ.

ಪ್ಲಗ್ ಕಿತ್ತೆ ಅಂತ ಇವತ್ತೇ ಒಂದು ಮೆಸೇಜ್ ಹಾಕು. ಮಿಕ್ಕ ಉತ್ತರ ನಿಧಾನಕ್ಕೆ ಬರೆದರಾಯಿತು.

ಇತಿ,
ನಿನ್ನ ದೊಡ್ಡಮ್ಮ