ಹತ್ತು ಸಲ ಹಚ್ಚಬೇಕೋ, ನಾಲ್ಕು ಸಲ ಸಾಕೋ?

ಮಾನ್ಯ ಸಂಪಾದಕರೇ,

ತೆಂಗಿನ ತೋಟದ ಜೊತೆಗೆ ನಾಲ್ಕು ಮಿಶ್ರತಳಿ ಹಸು ಕಟ್ಟಿಕೊಂಡಿರುವ ರೈತ ನಾನು. ತೋಟಕ್ಕೆ ರಾಸಾಯನಿಕ ನಿಲ್ಲಿಸಿ ಒಂಬತ್ತು ವರ್ಷವಾಯಿತು, ಅದೇನೂ ಕಷ್ಟವಾಗಲಿಲ್ಲ. ಕೊಟ್ಟಿಗೆಯನ್ನೂ ಸಾವಯವ ಮಾಡಲು ಹೊರಟಾಗ ಮಾತ್ರ ಕೇಳಿದ ಪ್ರಶ್ನೆಗೆ ಉತ್ತರ ಕೊಡುವವರು ಸಿಗಲಿಲ್ಲ.

ಹಿಂಡಿಯಿಂದಲೇ ಶುರು. ಹತ್ತಿಕಾಳಿನ ಹಿಂಡಿಯನ್ನು ನಮ್ಮ ಕಡೆ ಎಲ್ಲರೂ ನೆಚ್ಚುತ್ತಾರೆ. ಆದರೆ 2002ರಲ್ಲಿ ಬಿಟಿ ಹತ್ತಿಗೆ (ವಂಶವಾಹಿ ಬದಲಿಸಿದ ಕುಲಾಂತರಿ ತಳಿ) ಅನುಮತಿ ಸಿಕ್ಕ ಮೇಲೆ ದೇಶದಲ್ಲಿ ಬೆಳೆಯುವ ಹತ್ತಿಯ ಬಹುಪಾಲು ಅದೇ. ಕುಲಾಂತರಿ ಬೆಳೆಯ ಹಿಂಡಿ ಸಾವಯವ ನಿಯಮಕ್ಕೆ ಸಲ್ಲದು, ಯೂರಿಯಾ ಬೆರೆತ ಪಶು ಆಹಾರವೂ ಸಲ್ಲದು. ಹಾಗಾದರೆ ದಿನಕ್ಕೆ ಎಂಟು ಲೀಟರ್ ಕೊಡುವ ಹಸುವಿಗೆ ಕೊಬ್ಬರಿ ಹಿಂಡಿ ಎಷ್ಟು, ಹುರುಳಿ ನುಚ್ಚು ಎಷ್ಟು, ಅಗಸೆ ಸೊಪ್ಪು ಎಷ್ಟು? ಬೆಂಗಳೂರಿನ ಆಡುಗೋಡಿಯಲ್ಲಿ ಪಶು ಪೋಷಣೆಯ ರಾಷ್ಟ್ರೀಯ ಸಂಸ್ಥೆಯಿದೆ, ಧಾರವಾಡದಲ್ಲಿ ಮೇವಿನ ಸಂಶೋಧನಾ ಕೇಂದ್ರವಿದೆ. ಆಯಾ ಸೀಮೆಯಲ್ಲಿ ಸಿಗುವುದನ್ನೇ ಲೆಕ್ಕ ಹಾಕಿದ ಒಂದು ಹಾಳೆ ಅಂಥ ಕಡೆಯಿಂದ ಪ್ರತಿ ಹಾಲಿನ ಸಂಘದ ಗೋಡೆಗೆ ಬಂದರೆ ನನ್ನಂಥವರು ಅಂದಾಜಿನಲ್ಲಿ ಹಸು ಬಡವಾಗಿಸುವುದು ತಪ್ಪುತ್ತದೆ.

ನಿಜವಾಗಿ ಕೈ ಸೋಲುವುದು ಕೆಚ್ಚಲು ಬಾವು ಬಂದಾಗ. ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿ ಪ್ರಚಾರ ಮಾಡುತ್ತಿರುವ ನಾಟಿ ಔಷಧಿ ಬಹಳ ಹೈನುಗಾರರಿಗೆ ಗೊತ್ತು: ಲೋಳೆಸರ 250 ಗ್ರಾಂ, ಅರಿಶಿನ 50 ಗ್ರಾಂ, ಸುಣ್ಣ 15 ಗ್ರಾಂ ಅರೆದು, ನೀರು ಬೆರೆಸಿ, ದಿನಕ್ಕೆ ಹತ್ತು ಸಲದಂತೆ ಐದು ದಿನ ಹಚ್ಚಬೇಕು. ನಮ್ಮ ಒಂದು ಹಸುವಿಗೆ ಚೆನ್ನಾಗಿ ವಾಸಿಯಾಯಿತು. ಮರುವರ್ಷ ಇನ್ನೊಂದಕ್ಕೆ ಅಷ್ಟೇ ಶ್ರದ್ಧೆಯಿಂದ ಹಚ್ಚಿದರೂ ಒಂದು ಮೊಲೆ ಬತ್ತಿಹೋಯಿತು. ಯಾವ ಹಂತದ ಬಾವಿಗೆ ಇದು ಸಾಕು, ಯಾವಾಗ ಕಾಯದೆ ವೈದ್ಯರನ್ನು ಕರೆಯಬೇಕು? ಹತ್ತು ಸಲವೇ ಆಗಬೇಕೋ, ನಾಲ್ಕು ಸಲ ಸಾಕೋ? (ಹತ್ತು ಸಲ ಹಚ್ಚಿದ್ದು ನಾನಲ್ಲ, ನನ್ನ ಹೆಂಡತಿ. ಈ ಪ್ರಶ್ನೆ ಅವಳದೇ.) ಇಂಥದ್ದನ್ನು ಪ್ರಯೋಗಾಲಯದಲ್ಲಷ್ಟೇ ನೋಡಿದರೆ ಸಾಲದು, ನಮ್ಮ ಕೊಟ್ಟಿಗೆಗಳಲ್ಲೇ ಹಸುವಿನ ಲೆಕ್ಕ ಇಟ್ಟು ನೋಡಬೇಕು.

ಸಾವಯವವೆಂದರೆ ನರಳುವ ಹಸುವಿಗೆ ಮದ್ದು ಕೊಡಬಾರದೆಂದಲ್ಲ. ಅಮೆರಿಕದಲ್ಲಿ ಆ್ಯಂಟಿಬಯೋಟಿಕ್ ಪಡೆದ ಹಸು ಸಾವಯವ ಮಂದೆಯಿಂದ ಹೊರಬೀಳುತ್ತದೆ. ಯುರೋಪಿನಲ್ಲಿ ಮದ್ದು ಕೊಟ್ಟ ಮೇಲೆ ಹಾಲು ಬಳಸದೆ ಕಾಯುವ ಅವಧಿಯನ್ನು ಇಮ್ಮಡಿ ಮಾಡುತ್ತಾರೆ. ನನಗೆ ಇದೇ ಸರಿಯೆನ್ನಿಸುತ್ತದೆ. ಕಾಲುಬಾಯಿ ರೋಗದ ಲಸಿಕೆಯೂ ಸಾವಯವಕ್ಕೆ ವಿರುದ್ಧವೆಂದು ಊರಲ್ಲಿ ಹೇಳಿಕೊಂಡು ತಿರುಗುವವರಿದ್ದಾರೆ. ಅದು ಶುದ್ಧ ತಪ್ಪು, ಆದರೆ ತಿದ್ದುವವರೂ ಬೇಕಲ್ಲ.

ರಾಜ್ಯಕ್ಕೆ ಸಾವಯವ ಕೃಷಿ ನೀತಿ ಬಂದದ್ದು 2004ರಲ್ಲಿ. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಕಾಯ್ದೆಯದೂ ಅದೇ ವರ್ಷ. ಓರಗೆಯವರಾದ ಇಬ್ಬರೂ ಕೂತು ಸಾವಯವ ಹೈನುಗಾರಿಕೆಯನ್ನು ಪಶುವೈದ್ಯ ವಿದ್ಯಾರ್ಥಿಗಳಿಗೆ ಒಂದು ಪೂರ್ಣ ವಿಷಯವಾಗಿ ಕಲಿಸಲಿ. ನಮ್ಮ ಹಾಲೂ ಎಲ್ಲರ ಹಾಲಿನ ಕ್ಯಾನಿಗೇ ಬೀಳುತ್ತದೆ, ದರವೂ ಫ್ಯಾಟಿನ ಮೇಲೆಯೇ. ಆ ಸಂಕಟ ಇನ್ನೊಂದು ಪತ್ರಕ್ಕಿರಲಿ.

ತರಬೇತಿಯ ಬಗ್ಗೆ ಒಂದು ಬೇಡಿಕೆ. ಬೆಳಿಗ್ಗೆ ತಾಲ್ಲೂಕು ಕೇಂದ್ರಕ್ಕೆ ಬನ್ನಿರೆಂದರೆ ಹೋಗಿ ಊಟ ಮಾಡಿ ಬರುವವರು ನಾವು ಗಂಡಸರು. ಕೆಚ್ಚಲು ಮುಟ್ಟುವ ಕೈ ಮನೆಯಲ್ಲೇ ಉಳಿಯುತ್ತದೆ. ನಾಲ್ಕು ಬಟ್ಟಲಿನ ಪುಟ್ಟ ತಟ್ಟೆಯಲ್ಲಿ ಹಾಲಿಗೆ ದ್ರಾವಣ ಬೆರೆಸಿ, ಕಣ್ಣಿಗೆ ಕಾಣದ ಬಾವನ್ನು ಪತ್ತೆ ಹಚ್ಚುವ ಪರೀಕ್ಷೆಯೊಂದಿದೆ. ಕಲಿಯಲು ಅರ್ಧ ಗಂಟೆ ಸಾಕು. ಅದನ್ನು ಊರಿನ ಹಾಲಿನ ಸಂಘದಲ್ಲೇ, ಹನ್ನೊಂದರಿಂದ ಎರಡು ಗಂಟೆಯೊಳಗೆ, ಹೆಂಗಸರನ್ನು ಕೂರಿಸಿ ಹೇಳಿಕೊಡಿ. ಮೂರಕ್ಕೆಲ್ಲ ಅವರು ಹುಲ್ಲಿಗೆ ಹೊರಡಬೇಕು.

— ಒಬ್ಬ ಹೈನುಗಾರ, ತಿಪಟೂರು ತಾಲ್ಲೂಕು