ಆಡಲು ಕಳಿಸಿ, ಆಮೇಲೆ ರ‍್ಯಾಂಕ್ ಕೇಳಿ: ಕ್ರೀಡಾ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಕೇಂದ್ರ ಕ್ರೀಡಾ ಸಚಿವರಿಗೆ,

ನಮಸ್ಕಾರಗಳು.

ನಾನು ಹಾವೇರಿ ಜಿಲ್ಲೆ ಬ್ಯಾಡಗಿ ತಾಲ್ಲೂಕಿನ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ಇಪ್ಪತ್ತಾರು ವರ್ಷ ದೈಹಿಕ ಶಿಕ್ಷಕನಾಗಿದ್ದು ನಿವೃತ್ತನಾದವನು. ಕಬಡ್ಡಿ, ಖೋಖೋ ಜೊತೆಗೆ ನಮ್ಮ ಹುಡುಗರಿಗೆ ಬೇಸ್‌ಬಾಲನ್ನೂ ಕಲಿಸಿದೆ. ತಮ್ಮ ಸಮಯ ಅಮೂಲ್ಯವಾದ್ದರಿಂದ ಬೇಡಿಕೆಯನ್ನು ಮೊದಲೇ ಹೇಳಿಬಿಡುತ್ತೇನೆ. ಭಾರತದ ಬೇಸ್‌ಬಾಲ್ ತಂಡವನ್ನು ಆಡಲು ಕಳಿಸಿ. ಸರ್ಕಾರದ ಖರ್ಚಿನಲ್ಲಿ ಕಳಿಸಿ.

ಕನ್ನಡದಲ್ಲೇ ಬರೆಯುತ್ತಿದ್ದೇನೆ. ತಮ್ಮಲ್ಲಿ ಓದಿ ಹೇಳುವವರು ಇದ್ದೇ ಇರುತ್ತಾರೆ, ನಮ್ಮ ಊರಿನವರೂ ಇದನ್ನು ಓದಬೇಕು.

ನಿಯಮಗಳು ತಮಗೆ ಗೊತ್ತಿವೆ. ಏಷ್ಯನ್ ಗೇಮ್ಸ್‌ಗೆ ಒಂದು ತಂಡ ಹೋಗಬೇಕಾದರೆ ಏಷ್ಯಾದ ರ‍್ಯಾಂಕಿಂಗ್‌ನಲ್ಲಿ ಮೊದಲ ಎಂಟರೊಳಗೆ ಇರಬೇಕು ಎಂಬುದು 2023ರಲ್ಲಿ ಚೀನಾದ ಹಾಂಗ್‌ಝೌಗೆ ತಂಡಗಳನ್ನು ಆರಿಸುವಾಗ ಸರ್ಕಾರ ಇಟ್ಟುಕೊಂಡಿದ್ದ ಅಳತೆ. ಆಗ ನಮ್ಮ ಪುರುಷರ ಫುಟ್‌ಬಾಲ್ ತಂಡ ಏಷ್ಯಾದಲ್ಲಿ 18ನೇ ಸ್ಥಾನದಲ್ಲಿತ್ತು. ಕೋಚ್ ಇಗೋರ್ ಸ್ಟಿಮಾಚ್ ಪ್ರಧಾನಿಯವರಿಗೇ ಬಹಿರಂಗವಾಗಿ ಮನವಿ ಮಾಡಿದರು. ಜುಲೈ ಮುಗಿಯುವುದರೊಳಗೆ ನಿಯಮ ಸಡಿಲವಾಯಿತು, ಪುರುಷರ ತಂಡವೂ ಮಹಿಳೆಯರ ತಂಡವೂ ಹೋದವು. ಪುರುಷರು ಗುಂಪಿನ ಹಂತ ದಾಟಿ ಸೌದಿ ಅರೇಬಿಯಾದ ಎದುರು ಸೋತು ಬಂದರು. ಅದು ಒಳ್ಳೆಯ ನಿರ್ಧಾರ, ಅದರ ಬಗ್ಗೆ ನನ್ನದೇನೂ ತಕರಾರಿಲ್ಲ. ನಮ್ಮ ಆಟಕ್ಕೂ ಅದೇ ಔದಾರ್ಯ ಯಾಕಿಲ್ಲ ಎಂದು ಕೇಳುತ್ತಿದ್ದೇನೆ, ಅಷ್ಟೇ.

ಬೇಸ್‌ಬಾಲ್‌ನಲ್ಲಿ ರ‍್ಯಾಂಕಿಂಗ್ ಅಂಕ ಬರುವುದು ಅಂತರರಾಷ್ಟ್ರೀಯ ಟೂರ್ನಿಗಳಲ್ಲಿ ಆಡಿದರೆ. ಆಡದ ತಂಡಕ್ಕೆ ಅಂಕವಿಲ್ಲ, ಅಂಕವಿಲ್ಲದ ತಂಡಕ್ಕೆ ರ‍್ಯಾಂಕ್ ಇಲ್ಲ, ರ‍್ಯಾಂಕ್ ಇಲ್ಲದ ತಂಡವನ್ನು ಕಳಿಸುವುದಿಲ್ಲ. ಈ ಗಾಣಕ್ಕೆ ನಮ್ಮ ಹುಡುಗರನ್ನು ಕಟ್ಟಿ ಎಷ್ಟು ವರ್ಷವಾಯಿತು ಸ್ವಾಮಿ?

ಏಷ್ಯನ್ ಬೇಸ್‌ಬಾಲ್ ಚಾಂಪಿಯನ್‌ಶಿಪ್ ಶುರುವಾದದ್ದು 1954ರಲ್ಲಿ, ಮನಿಲಾದಲ್ಲಿ. 1980ರ ದಶಕದಲ್ಲಿ ಭಾರತವೂ ಅದರಲ್ಲಿ ಆಡಿತು. ದೊಡ್ಡ ದೊಡ್ಡ ತಂಡಗಳ ಮುಂದೆ ಸೋತೆವು, ಸರಿ. ಆದರೆ ಮೈದಾನದಲ್ಲಿದ್ದೆವು. 1994ರಲ್ಲಿ ಹಿರೋಶಿಮಾದಲ್ಲಿ ಬೇಸ್‌ಬಾಲ್ ಏಷ್ಯನ್ ಗೇಮ್ಸ್‌ನ ಪದಕದ ಆಟವಾಯಿತು. ಅಲ್ಲಿಂದ 2023ರ ಹಾಂಗ್‌ಝೌವರೆಗೆ ಎಂಟು ಏಷ್ಯನ್ ಗೇಮ್ಸ್ ನಡೆದವು. ಎಂಟರಲ್ಲಿ ಒಂದರಲ್ಲೂ ಭಾರತದ ಬೇಸ್‌ಬಾಲ್ ತಂಡ ಇಲ್ಲ. ಮಂಗೋಲಿಯಾ ಆಡಿದೆ. ಲಾವೋಸ್ ಆಡಿದೆ. 2018ರಲ್ಲಿ ಜಕಾರ್ತಾದಲ್ಲಿ ಶ್ರೀಲಂಕಾ ಆಡಿತು, ಪಾಕಿಸ್ತಾನ ಆಡಿತು. ನೂರ ನಲವತ್ತು ಕೋಟಿ ಜನರ ದೇಶದಿಂದ ಒಂದು ತಂಡ ಹೊರಡಲಿಲ್ಲ.

ಪಾಕಿಸ್ತಾನದ ಹೆಸರು ಎತ್ತಿದ್ದಕ್ಕೆ ಯಾರೂ ಸಿಟ್ಟಾಗಬೇಡಿ. 2016ರಲ್ಲಿ ಅವರು ಬೇಸ್‌ಬಾಲ್‌ನ ವಿಶ್ವಕಪ್ ಇದ್ದಂತಿರುವ ವರ್ಲ್ಡ್ ಬೇಸ್‌ಬಾಲ್ ಕ್ಲಾಸಿಕ್‌ನ ಅರ್ಹತಾ ಸುತ್ತಿಗೆ ನ್ಯೂಯಾರ್ಕಿನ ಬ್ರೂಕ್ಲಿನ್‌ಗೆ ಹೋದರು. ಬ್ರೆಜಿಲ್ ಎದುರು 10-0, ಗ್ರೇಟ್ ಬ್ರಿಟನ್ ಎದುರು 14-0. ಎರಡು ಪಂದ್ಯದಲ್ಲೂ ಒಂದು ರನ್ ಬರಲಿಲ್ಲ. ಹಾಗಂತ ಅವರು ಮನೆಯಲ್ಲಿ ಕೂರಲಿಲ್ಲ. 2018ರಲ್ಲಿ ಜಕಾರ್ತಾ, 2019ರಲ್ಲಿ ತೈವಾನಿನ ಏಷ್ಯನ್ ಚಾಂಪಿಯನ್‌ಶಿಪ್, 2022ರಲ್ಲಿ ಪನಾಮಾದಲ್ಲಿ ಮತ್ತೆ ಕ್ಲಾಸಿಕ್‌ನ ಅರ್ಹತಾ ಸುತ್ತು. ಸೋಲುವುದಕ್ಕಾದರೂ ಅಲ್ಲಿ ಇರಬೇಕಲ್ಲ! ನಮ್ಮ ಹುಡುಗರಿಗೆ ಸೋಲುವ ಅವಕಾಶವೂ ಸಿಗಲಿಲ್ಲ.

ಈಗ ನನ್ನ ಹುಡುಗನ ವಿಷಯ ಹೇಳಬೇಕು. ಈ ಪತ್ರ ಬರೆಯುತ್ತಿರುವುದೇ ಅದಕ್ಕಾಗಿ.

ನಮ್ಮ ಶಾಲೆಯ ಮೈದಾನದಲ್ಲಿ ನಾನು ಹಗ್ಗ ಹಿಡಿದು ತೊಂಬತ್ತು ಅಡಿ ಅಳೆದು ಸುಣ್ಣದ ಪುಡಿಯಲ್ಲಿ ಗೆರೆ ಎಳೆಯುತ್ತಿದ್ದೆ. ಬ್ಯಾಟ್ ಹಿಡಿದವನ ಮುಂದೆ ನೆಲಕ್ಕೆ ಹಾಕುವ ಹೋಮ್ ಪ್ಲೇಟನ್ನು ಹಳೆಯ ಟ್ರ್ಯಾಕ್ಟರ್ ಟೈರಿನಿಂದ ಹದಿನೇಳು ಇಂಚು ಅಗಲಕ್ಕೆ ಐದು ಮೂಲೆ ಬರುವಂತೆ ಕೊಯ್ದು ಮಾಡಿದ್ದು. ರನ್ನಿಗೆ ಓಡುವವನು ಮುಟ್ಟಬೇಕಾದ ಬೇಸ್‌ಗಳಿಗೆ ಬ್ಯಾಡಗಿ ಮಾರುಕಟ್ಟೆಯಿಂದ ತಂದ ಖಾಲಿ ಮೆಣಸಿನಕಾಯಿ ಚೀಲ, ಅದರೊಳಗೆ ಹಳ್ಳದ ಮರಳು. ಎಷ್ಟು ಝಾಡಿಸಿದರೂ ಆ ಚೀಲಗಳಿಂದ ಘಾಟು ಹೋಗುತ್ತಿರಲಿಲ್ಲ. ಎರಡನೇ ಬೇಸ್‌ಗೆ ಜಾರಿಕೊಂಡು ಬಂದ ಹುಡುಗ ಸೀನುತ್ತಲೇ ಏಳುತ್ತಿದ್ದ, ಕಣ್ಣಲ್ಲಿ ನೀರು. ಇಡೀ ತಂಡಕ್ಕೆ ಕ್ಯಾಚರ್, ಅಂದರೆ ಬ್ಯಾಟ್ ಮಾಡುವವನ ಹಿಂದೆ ಕೂತು ಚೆಂಡು ಹಿಡಿಯುವವನ, ಗ್ಲೌಸ್ ಒಂದೇ. ಅದರ ಹೊಲಿಗೆ ಬಿಚ್ಚಿದಾಗಲೆಲ್ಲ ಬಸ್ ಸ್ಟ್ಯಾಂಡಿನ ಪಕ್ಕ ಚಪ್ಪಲಿ ಹೊಲಿಯುವ ಅಜ್ಜ ಮೇಣ ಹಚ್ಚಿದ ದಾರದಲ್ಲಿ ಹೊಲಿದುಕೊಡುತ್ತಿದ್ದರು, ದುಡ್ಡು ಬೇಡ ಅನ್ನುತ್ತಿದ್ದರು.

ಆ ಗ್ಲೌಸ್ ಹಾಕಿಕೊಂಡು ಬೆಳೆದವನು ನಮ್ಮ ಕ್ಯಾಚರ್. ತಂದೆ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಹಮಾಲಿ. ಹುಡುಗ ಕೂತಲ್ಲಿಂದಲೇ ಎರಡನೇ ಬೇಸ್‌ಗೆ ಎಸೆದರೆ ಚೆಂಡು ಗೆರೆ ಎಳೆದ ಹಾಗೆ ಹೋಗುತ್ತಿತ್ತು. ಜಿಲ್ಲೆ, ರಾಜ್ಯ, ರಾಷ್ಟ್ರಮಟ್ಟ ಎಲ್ಲ ಆಡಿದ. ಕಡೆಗೆ ವಿದೇಶದಲ್ಲಿ ನಡೆಯುವ ಒಂದು ಟೂರ್ನಿಗೆ ಭಾರತ ತಂಡದ ಪಟ್ಟಿಯಲ್ಲಿ ಅವನ ಹೆಸರು ಬಂತು. ಊರಲ್ಲಿ ಬ್ಯಾನರ್ ಕಟ್ಟಿದರು. ಮೂರನೇ ದಿನ ಇನ್ನೊಂದು ಸಂದೇಶ ಬಂತು: ವಿಮಾನ, ವೀಸಾ, ವಸತಿಗೆಂದು ಪ್ರತಿ ಆಟಗಾರ 1,35,000 ರೂಪಾಯಿ ಕಟ್ಟಬೇಕು.

ಅವನ ತಂದೆ ನನ್ನ ಮನೆಗೆ ಬಂದು ಕಟ್ಟೆಯ ಮೇಲೆ ಕೂತರು. ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದರು: "ಸರ, ಇವ ದೇಶದ ಸಲುವಾಗಿ ಆಡಾಕ ಹೊಂಟಾನಲ್ರಿ. ಮತ್ತ ರೊಕ್ಕ ನಾವ್ಯಾಕ ಕೊಡಬೇಕ್ರಿ?"

ಮಾನ್ಯರೇ, ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ತಮ್ಮ ಹತ್ತಿರ ಇದ್ದರೆ ದಯವಿಟ್ಟು ಹೇಳಿ, ನಾನು ಹೋಗಿ ಅವರಿಗೆ ತಿಳಿಸುತ್ತೇನೆ.

ದಲಾಲಿ ಅಂಗಡಿಯ ಸಾಹುಕಾರರು ಸಾಲ ಕೊಟ್ಟರು, ಹಂಗಾಮಿನಲ್ಲಿ ಚೀಲ ಹೊತ್ತು ತೀರಿಸಬೇಕೆಂಬ ಕರಾರಿನ ಮೇಲೆ. ನಾನೂ ಕೈಲಾದಷ್ಟು ಹಾಕಿದೆ. ಹುಬ್ಬಳ್ಳಿಯಲ್ಲಿ ರೈಲು ಹತ್ತಿಸಿ ನಾನೇ ಅವನ ಜೊತೆ ದಿಲ್ಲಿಗೆ ಹೋದೆ. ಅಲ್ಲಿ ನೀಲಿ ಜೆರ್ಸಿ ಕೊಟ್ಟರು, ಎದೆಯ ಮೇಲೆ ದೇಶದ ಹೆಸರು. ಆ ರಾತ್ರಿ ಅವನು ಅದನ್ನು ತೊಟ್ಟುಕೊಂಡೇ ಮಲಗಿದ. ಮರುದಿನ ಸಂಜೆ ಏಳು ಗಂಟೆಗೆ ಎಲ್ಲರ ಮೊಬೈಲಿಗೂ ಒಟ್ಟಿಗೆ ವಾಟ್ಸಾಪ್ ಸಂದೇಶ ಬಂತು. ಕ್ಲಿಯರೆನ್ಸ್ ಬಂದಿಲ್ಲ, ಟೂರ್ ಕ್ಯಾನ್ಸಲ್. ಎರಡೇ ವಾಕ್ಯ. ಕ್ಲಿಯರೆನ್ಸ್ ಅಂದರೆ ಸರ್ಕಾರದ ಅನುಮತಿ. ಬೆಳಗಿನ ಜಾವದ ವಿಮಾನಕ್ಕೆ ಚೀಲ ಕಟ್ಟಿಟ್ಟುಕೊಂಡಿದ್ದ ಹುಡುಗರು ಡಾರ್ಮಿಟರಿಯ ಮೆಟ್ಟಿಲ ಮೇಲೆ ಸಾಲಾಗಿ ಕೂತುಬಿಟ್ಟರು. ಜೆರ್ಸಿ ವಾಪಸ್ ಕೊಡಿ ಎಂದರು. ನಮ್ಮ ಹುಡುಗ ಅದನ್ನು ಇಸ್ತ್ರಿ ಮಾಡಿದ ಹಾಗೆ ಮಡಚಿ ಕೊಟ್ಟ.

ಕಟ್ಟಿದ ಹಣದಲ್ಲಿ ಅರ್ಧ ವಾಪಸ್ ಬರಲು ಒಂದೂವರೆ ವರ್ಷ ಹಿಡಿಯಿತು. ಇನ್ನರ್ಧ ಬರಲೇ ಇಲ್ಲ. ಕಡತ ಯಾರ ಮೇಜಿನ ಮೇಲೆ ನಿಂತಿತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ, ಯಾರ ಮೇಲೂ ಬೆರಳು ತೋರಿಸುವುದಿಲ್ಲ. ಆದರೆ ಅವನ ತಂದೆ ಎರಡು ಹಂಗಾಮು ಆ ಸಾಲಕ್ಕೆ ಚೀಲ ಹೊತ್ತದ್ದನ್ನು ಕಣ್ಣಾರೆ ಕಂಡಿದ್ದೇನೆ. ಆ ಸಿಟ್ಟು ಇನ್ನೂ ಇಳಿದಿಲ್ಲ, ಇಳಿಯುವುದೂ ಬೇಡ.

ಕೆಲಸದ ಮಾತಿಗೆ ಬರುತ್ತೇನೆ. 2020ರಲ್ಲಿ ಕೇಂದ್ರ ಸರ್ಕಾರ ತನ್ನ ನೌಕರಿಗಳ ಕ್ರೀಡಾ ಕೋಟಾದ ಆಟಗಳ ಪಟ್ಟಿಯನ್ನು 43ರಿಂದ 63ಕ್ಕೆ ಏರಿಸಿತು, ಅದರಲ್ಲಿ ಬೇಸ್‌ಬಾಲ್ ಸೇರಿತು. ಸುದ್ದಿ ಓದಿದ ದಿನ ಶಾಲೆಯಲ್ಲಿ ಹುಡುಗರಿಗೆಲ್ಲ ಪೇಪರ್ ತೋರಿಸಿದ್ದೆ. ಆದರೆ ಆ ನೇಮಕಾತಿಯಲ್ಲಿ ಮೊದಲ ಆದ್ಯತೆ ಯಾರಿಗೆ? ಕ್ರೀಡಾ ಇಲಾಖೆಯ ಕ್ಲಿಯರೆನ್ಸ್ ಪಡೆದು ಅಂತರರಾಷ್ಟ್ರೀಯ ಟೂರ್ನಿಯಲ್ಲಿ ದೇಶಕ್ಕೆ ಆಡಿದವರಿಗೆ. ಕ್ಲಿಯರೆನ್ಸ್ ಬರದಿದ್ದರೆ ಹೋಗುವುದು ಒಂದು ಟೂರ್ನಿ ಮಾತ್ರವಲ್ಲ, ಒಂದು ನೌಕರಿ ಹೋಗುತ್ತದೆ, ಒಂದು ಮನೆಯ ಆಧಾರ ಹೋಗುತ್ತದೆ. ತಂಡವನ್ನು ಕಳಿಸಿ ಎಂದು ನಾನು ಪದೇ ಪದೇ ಹೇಳುತ್ತಿರುವುದು ಇದಕ್ಕೇ.

ನಮ್ಮಲ್ಲಿ ಪ್ರತಿಭೆ ಇಲ್ಲ ಎಂದು ಮಾತ್ರ ಹೇಳಬೇಡಿ. 2008ರಲ್ಲಿ ಅಮೆರಿಕದಿಂದ ಬಂದವರು ಇಲ್ಲಿ ಚೆಂಡೆಸೆಯುವ ಸ್ಪರ್ಧೆ ನಡೆಸಿದರು. ಉತ್ತರ ಪ್ರದೇಶದ ಇಬ್ಬರು ಜಾವೆಲಿನ್ ಹುಡುಗರು, ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್, ಅದರಲ್ಲಿ ಗೆದ್ದು ಅದೇ ವರ್ಷ ಅಮೆರಿಕದ ವೃತ್ತಿಪರ ತಂಡ ಪಿಟ್ಸ್‌ಬರ್ಗ್ ಪೈರೇಟ್ಸ್ ಜೊತೆ ಒಪ್ಪಂದಕ್ಕೆ ಸಹಿ ಹಾಕಿದರು. ಅದಕ್ಕೂ ಮೊದಲು ಇಬ್ಬರೂ ಬೇಸ್‌ಬಾಲ್ ಆಡಿದವರೇ ಅಲ್ಲ. ರಿಂಕು ಎಸೆದದ್ದು ಗಂಟೆಗೆ 87 ಮೈಲಿ ವೇಗದಲ್ಲಿ, ಅಂದರೆ 140 ಕಿಲೋಮೀಟರ್. ಅವರನ್ನು ಹುಡುಕಲು ಸಾಗರದಾಚೆಯಿಂದ ಯಾರೋ ಬರಬೇಕಾಯಿತು. ಹಮಾಲರ ಕೇರಿಗಳಲ್ಲಿ, ಕುರಿ ಕಾಯುವ ಹುಡುಗರಲ್ಲಿ ಅಂಥ ತೋಳು ಎಷ್ಟಿವೆ ಎಂದು ನನ್ನಂಥ ಪ್ರತಿಯೊಬ್ಬ ಮೇಷ್ಟ್ರಿಗೂ ಗೊತ್ತು.

ದೊಡ್ಡ ದೇಶಗಳ ಕಥೆಯೂ ಇಲ್ಲಿಂದಲೇ ಶುರುವಾಗಿದ್ದು. ತೈವಾನಿನ ತೈತುಂಗ್ ಸೀಮೆಯ ಗುಡ್ಡಗಾಡಿನಲ್ಲಿ ಹೊಂಗ್ಯೆ ಎಂಬ ಪುಟ್ಟ ಪ್ರಾಥಮಿಕ ಶಾಲೆಯ ಬಡ ಮಕ್ಕಳು 1968ರಲ್ಲಿ ಜಪಾನಿನ ವಾಕಯಾಮಾದಿಂದ ಬಂದ ತಂಡವನ್ನು ಸೋಲಿಸಿದರು. ಆ ದೇಶ ಆ ಮಕ್ಕಳ ಬೆನ್ನಿಗೆ ನಿಂತಿತು. ಮರುವರ್ಷವೇ ತೈವಾನಿನ ಮಕ್ಕಳ ತಂಡ ಅಮೆರಿಕಕ್ಕೆ ಹೋಗಿ ಮಕ್ಕಳ ಬೇಸ್‌ಬಾಲ್ ಟೂರ್ನಿಯಾದ ಲಿಟಲ್ ಲೀಗ್ ವರ್ಲ್ಡ್ ಸೀರೀಸ್ ಗೆದ್ದಿತು. 2024ರ ನವೆಂಬರ್‌ನಲ್ಲಿ ಟೋಕಿಯೊ ಡೋಮ್‌ನಲ್ಲಿ ತೈವಾನ್ ತಂಡ ಜಪಾನನ್ನು 4-0ರಿಂದ ಸೋಲಿಸಿ ಹನ್ನೆರಡು ದೇಶಗಳ ಟೂರ್ನಿ ಪ್ರೀಮಿಯರ್ 12 ಗೆದ್ದಾಗ ನಾನು ಮೊಬೈಲ್ ಹಿಡಿದು ಕೂತಿದ್ದೆ. ಜಪಾನ್ ಅದಕ್ಕೆ ಮೊದಲು ಸತತ 27 ಅಂತರರಾಷ್ಟ್ರೀಯ ಪಂದ್ಯ ಗೆದ್ದಿತ್ತು. ತೈವಾನಿನ ಆಟಗಾರರು ಸ್ವಂತ ದೇಶದ ಹೆಸರಿನಲ್ಲಿ ಆಡುವ ಹಾಗಿಲ್ಲ, 'ಚೈನೀಸ್ ತೈಪೆ' ಎಂದೇ ಆಡಬೇಕು. ನಾಯಕ ಚೆನ್ ಚಿಯೆ-ಶಿಯೆನ್ ಹೋಮ್ ರನ್ (ಕ್ರಿಕೆಟ್ಟಿನ ಸಿಕ್ಸರ್ ಇದ್ದಂತೆ) ಹೊಡೆದು ಓಡುವಾಗ ಜೆರ್ಸಿಯ ಎದೆಯಲ್ಲಿ ಹೆಸರಿಲ್ಲದ ಜಾಗವನ್ನು ಕೈಯಿಂದ ತೋರಿಸಿದ. ಅದನ್ನು ನೋಡಿ ನನಗೆ ನಮ್ಮ ಹುಡುಗ ಮಡಚಿ ಕೊಟ್ಟ ಜೆರ್ಸಿ ನೆನಪಾಗಿ ಗಂಟಲು ಕಟ್ಟಿತು. ನಮ್ಮ ಜೆರ್ಸಿಯಲ್ಲಿ ಹೆಸರಿತ್ತು, ತೊಟ್ಟು ಆಡಲು ಬಿಡಲಿಲ್ಲ.

ಝೆಕ್ ದೇಶದ ತಂಡವನ್ನೂ ನೋಡಿ. 2023ರಲ್ಲಿ ಅವರು ಮೊದಲ ಸಲ ವರ್ಲ್ಡ್ ಬೇಸ್‌ಬಾಲ್ ಕ್ಲಾಸಿಕ್‌ಗೆ ಬಂದರು. ಕೋಚ್ ನರರೋಗ ವೈದ್ಯರು, ಚೆಂಡೆಸೆಯುವ ಪಿಚರ್ ಒಂಡ್ರೇಯ್ ಸಾಟೋರಿಯಾ ಎಲೆಕ್ಟ್ರಿಷಿಯನ್. ಆ ಎಲೆಕ್ಟ್ರಿಷಿಯನ್ ಟೋಕಿಯೊದಲ್ಲಿ ಜಪಾನಿನ ದೊಡ್ಡ ತಾರೆ ಶೋಹೆಯ್ ಒಹ್ತಾನಿಯನ್ನು ಸ್ಟ್ರೈಕ್‌ಔಟ್, ಅಂದರೆ ಚೆಂಡು ಹೊಡೆಯಲು ಬಿಡದೆ ಔಟ್, ಮಾಡಿದ. ಪಂದ್ಯ 10-2ರಿಂದ ಸೋತರು, ಆದರೆ ಜಪಾನಿನ ಜನ ಅವರನ್ನು ತಲೆ ಮೇಲೆ ಹೊತ್ತು ಮೆರೆಸಿದರು. ಎಲೆಕ್ಟ್ರಿಷಿಯನ್ ಹೋಗಬಹುದಾದರೆ ಹಮಾಲರ ಮಗನೂ ಹೋಗಬಹುದು.

2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಬೇಸ್‌ಬಾಲ್-ಸಾಫ್ಟ್‌ಬಾಲನ್ನು ಸೇರಿಸುವ ನಿರ್ಧಾರ ಆದದ್ದು ನಮ್ಮ ಮುಂಬೈಯಲ್ಲೇ, 2023ರ ಅಕ್ಟೋಬರ್‌ನಲ್ಲಿ. ಅದೇ ಸಭೆಯಲ್ಲಿ ಕ್ರಿಕೆಟ್ಟೂ ಸೇರಿತು, ದೇಶವೆಲ್ಲ ಪಟಾಕಿ ಹೊಡೆಯಿತು. ಪಕ್ಕದಲ್ಲೇ ಇದ್ದ ಬೇಸ್‌ಬಾಲ್ ಬಗ್ಗೆ ಯಾರೂ ಒಂದು ಮಾತು ಆಡಲಿಲ್ಲ. 2036ರ ಒಲಿಂಪಿಕ್ಸ್ ನಮಗೆ ಕೊಡಿ ಎಂದು ದೇಶ ಪತ್ರ ಬರೆದಿದೆ. ಅಂಥ ದೇಶ ಒಂದು ತಂಡಕ್ಕೆ ವಿಮಾನದ ಟಿಕೆಟ್ ತೆಗೆಸಲಾರದೇ?

ನಾನು ಕೇಳುವುದು ಇಷ್ಟು. ಬೇಸ್‌ಬಾಲ್ ತಂಡವನ್ನು ಏಷ್ಯಾ ಮಟ್ಟದ ಅರ್ಹತಾ ಟೂರ್ನಿಗಳಿಗೆ ಸರ್ಕಾರದ ಖರ್ಚಿನಲ್ಲಿ ಕಳಿಸಿ. ಫುಟ್‌ಬಾಲ್‌ಗೆ ಸಡಿಲಿಸಿದ ಹಾಗೆ ಈ ಆಟಕ್ಕೂ ನಾಲ್ಕು ವರ್ಷದ ಮಟ್ಟಿಗಾದರೂ ರ‍್ಯಾಂಕಿನ ಷರತ್ತು ಸಡಿಲಿಸಿ. ಅನುಮತಿ ಕೊಡುವುದಿದ್ದರೂ ಕೊಡದಿದ್ದರೂ ತಿಂಗಳ ಮೊದಲೇ ಹೇಳಿ, ಹುಡುಗರು ಚೀಲ ಕಟ್ಟಿ ಮೆಟ್ಟಿಲ ಮೇಲೆ ಕೂತ ಮೇಲೆ ಹೇಳಬೇಡಿ. ಆಟಗಾರರ ಮನೆಯಿಂದ ಒಂದು ರೂಪಾಯಿ ಕೂಡ ಕೇಳಬಾರದು ಎಂದು ಲಿಖಿತ ಆದೇಶ ಹೊರಡಿಸಿ. ತಂಡವನ್ನು ಕಳಿಸಿ.

ನಮ್ಮ ಕ್ಯಾಚರ್‌ಗೆ ಈಗ ಇಪ್ಪತ್ತನಾಲ್ಕು. ರಾಣೆಬೆನ್ನೂರಿನಲ್ಲಿ ಬೀಜದ ಗೋದಾಮಿನಲ್ಲಿ ಕೆಲಸ ಮಾಡುತ್ತಾನೆ. ಭಾನುವಾರ ಬೆಳಿಗ್ಗೆ ಬೈಕಿನಲ್ಲಿ ಊರಿಗೆ ಬಂದು ಚಿಕ್ಕ ಹುಡುಗರಿಗೆ ಎಸೆಯುವುದು, ಹಿಡಿಯುವುದು ಹೇಳಿಕೊಡುತ್ತಾನೆ. ಹೋದ ವಾರ ಬಂದಾಗ ಕೇಳಿದ, "ಸರ, ಈ ಸಲ ಸೆಲೆಕ್ಷನ್ ಯಾವಾಗಂತ್ರಿ?" ವಿಚಾರಿಸಿ ಹೇಳುತ್ತೇನೆ ಎಂದಿದ್ದೇನೆ. ಮುಂದಿನ ಭಾನುವಾರ ಅವನು ಮತ್ತೆ ಬರುತ್ತಾನೆ. ತಮ್ಮ ಉತ್ತರಕ್ಕಾಗಿ ಕಾಯುತ್ತಿದ್ದೇನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ದೈಹಿಕ ಶಿಕ್ಷಕ
ಬ್ಯಾಡಗಿ ತಾಲ್ಲೂಕು, ಹಾವೇರಿ ಜಿಲ್ಲೆ